ಕೂತವನ ಅಳತೆ

ಜೂನ್ ೯, ಸೋಮವಾರ

ಥೂ! ಆ ಚಪ್ಪಾಳೆ ಇನ್ನೂ ಕಿವಿಯಲ್ಲೇ ಇದೆ.

ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಇವತ್ತೇ ಮೊದಲ ಸಲ ಟೈಲರ್ ಅಂಗಡಿಗೆ ಕೆಲಸಕ್ಕೆ ಹೋದೆ. ಗಾಲಿಕುರ್ಚಿ ಒಳಗೆ ಬಂದದ್ದೇ ತಡ, ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಕೂತೇ ಬಟ್ಟೆ ಕತ್ತರಿಸಲಿ ಅಂತ ಕಟಿಂಗ್ ಟೇಬಲ್ಲಿನ ಕಾಲುಗಳನ್ನು ಗರಗಸದಿಂದ ಕುಯ್ದು ಇಟ್ಟಿದ್ದಾರೆ. “ಹೇಗಿದೆ ಮಾಸ್ಟರೇ?” ಅಂತ ಹಲ್ಲು ಕಿರಿದರು. ಹೇಗಿರುತ್ತೆ? ನನ್ನ ಮಂಡಿ ಅದರಡಿ ತೂರುವುದೇ ಇಲ್ಲ! ಗಿರಾಕಿಯ ಕುತ್ತಿಗೆ ಅಳೆಯದೆ ಕಾಲರಿಗೆ ಕತ್ತರಿ ಹಾಕದ ಜನ, ನನ್ನನ್ನೊಂದು ಮಾತು ಕೇಳದೆ ಗರಗಸ ಹಿಡಿದರು. ನಾನೋ, “ಭಾರಿ ಚೆನ್ನಾಗಿದೆ” ಅಂದೆ. ನನ್ನ ಬಾಯಿಗೆ ಮಣ್ಣು ಹಾಕ.

ಅಂಗಡಿ ಯಜಮಾನರಂತೂ ಕುರ್ಚಿ ತಳ್ಳಿಕೊಂಡು ಬಂದಿದ್ದ ನನ್ನ ಹೆಂಡತಿಯನ್ನು ಕೇಳಿದರು: “ಇವರು ನೀರು ಕುಡೀತಾರೇನಮ್ಮಾ?”

“ಅವರನ್ನೇ ಕೇಳಿ ಸಾರ್, ಬಾಯಿಗೇನೂ ಆಗಿಲ್ಲ,” ಅಂದಳು.

ದಿನವಿಡೀ ಮಂಡಿಯನ್ನು ಟೇಬಲ್ಲಿನ ಅಂಚಿಗೆ ಒತ್ತಿಕೊಂಡೇ ಕತ್ತರಿಸಿದೆ. ಮನೆಗೆ ಬಂದು ಪ್ಯಾಂಟು ತೆಗೆದರೆ ಮಂಡಿಯ ಚರ್ಮ ಸುಲಿದು ಬಟ್ಟೆಗೆ ರಕ್ತ ಅಂಟಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನನ್ನದೇ ಕಾಲು, ನೋಡಿದರೆ ನನಗೇ ಹೇಸಿಗೆ.

ಗಾಯ ಒರೆಸಿ ಅವಳು ಅಳತೆ ಟೇಪು ತಂದಳು. “ನಾಳೆ ಟೇಬಲ್ಲಿಗೆ ಬೇರೆ ಕಾಲು ಹಾಕಿಸಿ ಅಂತ ಹೇಳ್ರೀ. ಎಷ್ಟು ಎತ್ತರ ಬೇಕು?”

ಊರವರ ಮೈಯಳತೆಯೆಲ್ಲ ನನಗೆ ಬಾಯಿಪಾಠ. ಕೂತ ನನ್ನ ಅಳತೆ ಮಾತ್ರ ಗೊತ್ತಿಲ್ಲ. ಇವತ್ತಲ್ಲ ನಾಳೆ ಎದ್ದು ನಿಲ್ಲುತ್ತೇನಲ್ಲ ಅಂತ ಇಷ್ಟು ದಿನ ತೆಗೆದೇ ಇರಲಿಲ್ಲ.

ಅವಳು ಮಲಗಿದ್ದಾಳೆ. ಟೇಪು ಇನ್ನೂ ನನ್ನ ತೊಡೆಯ ಮೇಲೇ ಇದೆ.