ಉಲ್ಟಾ ಬೀಸುವ ಫ್ಯಾನು

ಮಾರ್ಚ್ ೧೪, ಶುಕ್ರವಾರ

ನೆರೆದ ಮಹಾಸಭೆಯೇ, ಅಂದರೆ ಮೇಜಿನ ದೀಪವೇ, ಅರ್ಧ ಕುಡಿದಿಟ್ಟ ನೀರಿನ ಲೋಟವೇ, ಕೇಳುವಂಥವರಾಗಿ. ಇವತ್ತೂ ಹಾಲು ಕಂದು ಬಣ್ಣಕ್ಕೆ ತಿರುಗಿತು.

ನಮ್ಮ ಡೇರಿಯಲ್ಲಿ ಹಾಲು ಇಂಗಿಸುವ ಮುಚ್ಚಿದ ಕಡಾಯಿಯಲ್ಲಿ ವ್ಯಾಕ್ಯೂಮ್ ನಿಲ್ಲುತ್ತಿಲ್ಲ. ಅದು ಇಳಿದರೆ ಹಾಲು ಹೆಚ್ಚು ಬಿಸಿಯಲ್ಲಿ ಕುದಿದು ಕೆಡುತ್ತದೆ. ಮ್ಯಾನೇಜರು ಅದರ ಗಾಳಿ ಎಳೆಯುವ ಪಂಪ್ ನೋಡಿಕೊಳ್ಳುವ ಅಜ್ಜನ ಮೇಲೆ ಹರಿಹಾಯ್ದರು. "ಇವರ ಕೈಲಿ ಆಗಲ್ಲ. ನಾಳೆಯಿಂದ ಬರೋದು ಬೇಡ."

"ಪಂಪು ಚೆನ್ನಾಗೇ ಎಳೀತಿದೆ ಸಾರ್. ಹಬೆ ತಣಿಸೋ ತಣ್ಣೀರೇ ಬಿಸಿ ಬರ್ತಿದೆ, ಅದಕ್ಕೇ ವ್ಯಾಕ್ಯೂಮ್ ಇಳೀತಿದೆ" ಎಂದರು ಅಜ್ಜ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಆ ನೀರು ತಣಿಸುವ ಕೂಲಿಂಗ್ ಟವರ್ ಹತ್ತಿದೆ. ತುದಿಯಲ್ಲಿ ಬಿಸಿಗಾಳಿಯನ್ನು ಮೇಲಕ್ಕೆ ದೂಡುವ ಫ್ಯಾನಿನ ಬಳಿ ನಿಂತವನ ಮುಖಕ್ಕೆ ಹಬೆ ಹೊಡೆಯಬೇಕು, ಹೊಡೆಯಲಿಲ್ಲ. ಕರವಸ್ತ್ರ ಚಾಚಿದೆ, ಗಾಳಿ ಅದನ್ನು ಕೆಳಕ್ಕೆ ಎಳೆಯಿತು. ಕಳೆದ ವಾರ ಅದರ ಮೋಟಾರು ಬಿಚ್ಚಿ ಜೋಡಿಸಿದ ಎಲೆಕ್ಟ್ರಿಷಿಯನ್ ನನ್ನ ಹೆಂಡತಿಯ ತಮ್ಮ. ಕರೆದು ತೋರಿಸಿದೆ.

"ತಿರುಗ್ತಾ ಇದೆಯಲ್ಲ ಬಾವ."

"ತಿರುಗ್ತಿದೆ ಕಣೋ, ಉಲ್ಟಾ."

ಅವನು ಜೇಬಿನಿಂದ ಟೆಸ್ಟರ್ ತೆಗೆದ. "ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಸದ್ದಿಲ್ಲದೆ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿಬಿಡ್ತೀನಿ, ಸರಿಯಾಗಿ ತಿರುಗತ್ತೆ, ಯಾರಿಗೂ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲ, ನಿಜ. ಹಾಲು ಬೆಳ್ಳಗಾಗುತ್ತದೆ. ಅಜ್ಜ ಹೋದ ಮೇಲೆ ಎಲ್ಲ ಸರಿಹೋಯಿತು ಎಂದು ಜನ ಅನ್ನುತ್ತಾರೆ.

ತಂತಿ ಮುಟ್ಟಬೇಡ ಎಂದು ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಮ್ಯಾನೇಜರನ್ನೂ, ಮನೆಯಿಂದ ಕರೆಸಿ ಅಜ್ಜನನ್ನೂ ಟವರ್ ಹತ್ತಿಸಿ, ಅವರ ಎದುರಿಗೇ ಇವನ ಕೈಯಲ್ಲಿ ತಂತಿ ಅದಲುಬದಲು ಮಾಡಿಸುತ್ತೇನೆ. ಅದಕ್ಕೂ ಮುಂಚೆ, ಕಾಫಿ ಕುಡಿಯುವಾಗ, ಇವನ ಅಕ್ಕನಿಗೆ ನಾನೇ ಹೇಳುತ್ತೇನೆ.