ಬಲಕ್ಕೆ ಪಾಂಡವಪುರ, ಎಡಕ್ಕೆ ಶ್ರೀರಂಗಪಟ್ಟಣ

ತೊಣ್ಣೂರು,
ಶನಿವಾರ, 12 ಏಪ್ರಿಲ್ 2025

ಪ್ರೀತಿಯ ಅಂಬಿಕ,

ಇಲ್ಲಿನ ಇಂಡಿಯನ್ ಸ್ಕೂಲುಗಳೆಲ್ಲ ಸಿಬಿಎಸ್ಇ, ಆದ್ದರಿಂದ ಸ್ನೇಹಳನ್ನು ಈಗಲೇ ಅಲ್ಲಿ ಅಂಥದಕ್ಕೇ ಸೇರಿಸಿಬಿಟ್ಟರೆ, ಎಂದು ಹೋದ ವಾರ ಶುಕ್ರವಾರ ಫೋನಿನಲ್ಲಿ ನೀನು ಹೇಳುತ್ತಿದ್ದೆ. ಅದರ ಮುಂದೆಯೂ ಏನೋ ಹೇಳಹೊರಟಿದ್ದೆ. ಆ ಹೊತ್ತಿಗೆ ನಿನ್ನ ವಾರ್ಡಿನಿಂದ ಯಾರೋ ಕರೆದರು, ನೀನು ಫೋನ್ ಇಟ್ಟೆ. ಆ ಅರ್ಧ ವಾಕ್ಯವನ್ನು ಇಟ್ಟುಕೊಂಡು ನಾನು ಎಂಟು ದಿನ ಓಡಾಡಿದೆ. ಇರಲಿ, ಅದಕ್ಕೆ ಮೊದಲು ಕೇಳಬೇಕಾದ್ದು ನಿನ್ನ ಬೆನ್ನುನೋವು. ಕಡಿಮೆಯಾಗಿದೆಯೇ? ರಾತ್ರಿ ಪಾಳಿ ಬದಲಾಯಿತೇ? ಮಸ್ಕತ್ತಿನಲ್ಲಿ ಈಗಲೇ ಸೆಕೆ ಶುರುವಾಗಿದೆ ಎಂದು ರಂಜಿತ ಹೇಳಿದಳು. ನಿನ್ನ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಹುಡುಗಿ ರಜೆಗೆ ನಾಗಮಂಗಲಕ್ಕೆ ಬಂದಿರುವುದು ಒಳ್ಳೆಯದೇ ಆಯಿತು, ಈ ಪತ್ರವನ್ನೂ ಸ್ನೇಹಳ ಶಾಲೆಯ ಅರ್ಜಿಗಳನ್ನೂ ಅವಳು ಹಿಂದಿರುಗುವಾಗ ಅವಳ ಕೈಲೇ ಕಳಿಸುತ್ತಿದ್ದೇನೆ. ಅರ್ಜಿಗಳಿಗೆ ನಿನ್ನ ಕೈಯ ಶಾಯಿಯ ಸಹಿಯೇ ಬೇಕು, ಮೊಬೈಲಿನಲ್ಲಿ ಕಳಿಸಿದ ಫೋಟೊ ನಡೆಯುವುದಿಲ್ಲ ಎಂದು ಎರಡೂ ಶಾಲೆಯವರು ಹೇಳಿದ್ದಾರೆ. ಕೆ.ಆರ್. ಪೇಟೆಗೆ ಹೋಗಿ ದಿಲೀಪನ ಸಹಿ ತರುವುದು ಅರ್ಧ ದಿನದ ಕೆಲಸ. ತರುವುದಿಲ್ಲ. ಬೇರೆ ಸಂಸಾರ ಹೂಡಿದ ಗಂಡನಿಂದ ಮಗಳಿಗಾಗಿ ಏನನ್ನೂ ಕೇಳಬಾರದು ಎಂದು ನೀನು ಹೇಳಿದ್ದು ನನಗೆ ಪೂರ್ತಿ ನೆನಪಿದೆ.

ಇಲ್ಲಿ ಮೂವರೂ ಆರೋಗ್ಯ. ಅವ್ವನಿಗೆ ಮಂಡಿ ಹಿಡಿದುಕೊಂಡಿದೆ, ಆದರೂ ಬೆಳಿಗ್ಗೆ ಕೆರೆ ಏರಿಯವರೆಗೆ ನಡೆಯುವುದನ್ನು ಬಿಟ್ಟಿಲ್ಲ. ಸ್ನೇಹಳ ಐದನೆಯ ತರಗತಿ ಮುಗಿಯಿತು. ಫಲಿತಾಂಶ ಹೇಳುವ ದಿನ ಮೇಷ್ಟ್ರು ಅವಳ ಕೈಯಲ್ಲಿ ಟಿಸಿಯನ್ನೂ ಕೊಟ್ಟು ಕಳಿಸಿದರು, ಊರಿನ ಶಾಲೆ ಇರುವುದೇ ಐದರವರೆಗೆ. ಅವಳು ಅದನ್ನು ಬಸ್ಸಿನ ಟಿಕೆಟ್ಟಿನ ಹಾಗೆ ಅಂಗಿ ಜೇಬಿನಲ್ಲಿ ಮಡಿಸಿಟ್ಟುಕೊಂಡು ಬಂದಳು. ಇಸ್ತ್ರಿ ಹಾಕಿ ಬಿಡಿಸಿದ್ದೇನೆ.

ಮೊದಲು ಶ್ರೀರಂಗಪಟ್ಟಣದ ಸಿಬಿಎಸ್ಇ ಶಾಲೆಯ ವಿಷಯ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಬ್ಬಿನ ಗದ್ದೆಗಳ ನಡುವೆ ಇದೆ. ನನ್ನ ಕಚೇರಿಯ ಬಾಗಿಲ ಮುಂದೆಯೇ ಅವರ ಹಳದಿ ವ್ಯಾನು ದಿನಾ ಹೋಗುತ್ತದೆ, ಆದರೂ ಇಷ್ಟು ವರ್ಷ ಅದರ ಹೆಸರನ್ನು ನಾನು ಓದಿರಲಿಲ್ಲ. ಅಲ್ಲಿ ಪ್ರಿನ್ಸಿಪಾಲರ ಕೋಣೆಗೆ ಮಗುವನ್ನೂ ಪೋಷಕರನ್ನೂ ಒಟ್ಟಿಗೆ ಕರೆಯುತ್ತಾರೆ. ನಾನು ಪೋಷಕನ ಕುರ್ಚಿಯಲ್ಲಿ ಕೂತೆ. ಪ್ರಿನ್ಸಿಪಾಲ್ ಮೇಡಂ ಒಳ್ಳೆಯವರು, ದನಿ ಎತ್ತದೆ ಮಾತಾಡುತ್ತಾರೆ. ಇಂಗ್ಲಿಷಿನ ಒಂದು ಪುಟ ಕೊಟ್ಟು ಓದು ಎಂದರು. ಸ್ನೇಹ ಪ್ರತಿ ಪದದ ಮುಂದೆಯೂ ನಿಂತು ಬಾಗಿಲು ತಟ್ಟಿ ಒಳಹೋಗುವವಳ ಹಾಗೆ ಓದಿದಳು. ನಾಲ್ಕು ಸಾಲಿಗೆ ಸಾಕು ಎಂದ ಮೇಡಂ, ನಿನಗೆ ಇಷ್ಟವಾದದ್ದು ಏನಾದರೂ ಹೇಳು, ಕನ್ನಡದಲ್ಲೇ ಆಗಲಿ ಎಂದರು. ಪದ್ಯ ಹೇಳುತ್ತಾಳೆ ಎಂದುಕೊಂಡೆ. ಇವಳು ಕೈ ಕಟ್ಟಿ ನಿಂತು, "ಸದರಿ ಸ್ವತ್ತಿಗೆ ಚಕ್ಕುಬಂದಿ, ಪೂರ್ವಕ್ಕೆ ಲಿಂಗಣ್ಣನವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಓಡಾಡುವ ದಾರಿ, ದಕ್ಷಿಣಕ್ಕೆ ನಾಲೆ" ಎಂದು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದಳು. ನಾನು ಜನರಿಗೆ ಬರೆದುಕೊಡುವ ಜಮೀನಿನ ಕ್ರಯಪತ್ರಗಳ ಕರಡನ್ನು ಸಂಜೆ ಅವಳಿಂದ ಓದಿಸುವುದು ರೂಢಿಯಾಗಿದೆ. ನನ್ನ ಕಣ್ಣಿಗೆ ತಪ್ಪಿದ್ದು ಅವಳ ಬಾಯಿಗೆ ಸಿಗುತ್ತದೆ. ಮೇಡಂ ನಕ್ಕರು, ಇದನ್ನು ಕಲಿಸಿದ್ದು ಯಾರು ಎಂದು ಕೇಳಿದರು. ಅವಳು ನನ್ನ ಕಡೆ ಬೆರಳು ತೋರಿಸಿದಳು. ಆ ಹೊತ್ತು ನಾನು ಗೋಡೆಯ ಮೇಲಿದ್ದ ಭೂಪಟವನ್ನು ನೋಡುತ್ತಿದ್ದೆ. ಸೀಟು ಕೊಡುತ್ತಾರಂತೆ. ಇಂಗ್ಲಿಷಿಗೆ ಒಂದು ವರ್ಷ ಸಂಜೆ ಪ್ರತ್ಯೇಕ ತರಗತಿ. ಕನ್ನಡ ವಾರಕ್ಕೆ ನಾಲ್ಕು ಪೀರಿಯಡ್ಡು. ಈ ತಿಂಗಳ ಕೊನೆಯೊಳಗೆ ಅರ್ಜಿ ತಲುಪಬೇಕು.

ಇನ್ನೊಂದು ಪಾಂಡವಪುರದ್ದು, ಸ್ಟೇಟ್ ಸಿಲಬಸ್ಸು, ಕನ್ನಡ ಮಾಧ್ಯಮ. ನಾನು ಓದಿದ ಶಾಲೆಯಲ್ಲ, ಅದರ ಪಕ್ಕದ್ದು. ಅಲ್ಲಿ ಯಾರೂ ಏನನ್ನೂ ಓದಿಸಲಿಲ್ಲ. ಹೆಡ್ಮಾಸ್ಟರು ಟಿಸಿಯನ್ನು ಬೆಳಕಿಗೆ ಹಿಡಿದು ನೋಡಿ, "ಇಸ್ತ್ರಿ ಯಾರು ಹಾಕಿದ್ದು?" ಎಂದು ಕೇಳಿದರು, ಅಷ್ಟೆ. ಹಿಂದಿನ ಅಂಗಳದಲ್ಲಿ ಹುಡುಗಿಯರು ಖೋಖೋ ಆಡುತ್ತಿದ್ದರು. ಸ್ನೇಹ ಐದೇ ನಿಮಿಷದಲ್ಲಿ ಚಪ್ಪಲಿ ಬಿಟ್ಟು ಅವರ ಸಾಲಿನಲ್ಲಿ ಕೂತಿದ್ದಳು. ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ, ಮಧ್ಯಾಹ್ನ ಮೂರೂಮುಕ್ಕಾಲಿಗೆ ಬಿಡುತ್ತಾರೆ, ನಾಲ್ಕೂವರೆಗೆ ಮನೆಯಲ್ಲಿರುತ್ತಾಳೆ.

ಇವೆರಡರ ನಡುವೆ ಏನಿದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಶ್ರೀರಂಗಪಟ್ಟಣಕ್ಕೆ ಸೇರಿದರೆ ಎರಡು ವರ್ಷಕ್ಕೆ ಇಂಗ್ಲಿಷು ಹಿಡಿತಕ್ಕೆ ಬಂದು, ಎಂಟನೆಯ ತರಗತಿಗೆ ಅವಳು ನಿನ್ನ ಹತ್ತಿರ ಬಂದು ಓದಬಹುದು. ಅದೇ ಪುಸ್ತಕ, ಅದೇ ಪರೀಕ್ಷೆ. ಪಾಂಡವಪುರಕ್ಕೆ ಸೇರಿದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವಳು ಇಲ್ಲಿಯವಳು. ಆಮೇಲೆ ಅವಳಿಗೆ ಹದಿನಾರು ವರ್ಷವಾಗಿರುತ್ತದೆ, ಯಾರೋ ಕರೆದ ಕಡೆ ಹೋಗುವ ವಯಸ್ಸಲ್ಲ ಅದು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ತಿಮ್ಮೇಶನಿಗೆ ಇಷ್ಟನ್ನೂ ಹೇಳಿದೆ, ಸಣ್ಣ ತರಗತಿಯಲ್ಲಿ ಮಾತೃಭಾಷೆಯ ಅಡಿಪಾಯ ಎಷ್ಟು ಮುಖ್ಯ ಎಂಬುದನ್ನೂ ಸೇರಿಸಿದೆ. ಅವನು ಬೀಡಾ ಅಗಿಯುತ್ತ ಪೂರ್ತಿ ಕೇಳಿದ. "ಕೂಸು ಅವಳ್ದು, ಕನ್ನಡ ನಿಂದು ಅಂತ ಮಾಡ್ಕಂಡಿದ್ದೀಯೇನ್ಲಾ? ಬುಡ್ಲಾ ಸಾಕು" ಎಂದ. ಅವನ ಮಗ ಓದುವುದು ಯಾವ ಮಾಧ್ಯಮದಲ್ಲಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅವನು ಹೇಳಿದ್ದಕ್ಕೂ ಅವನ ಮಗನಿಗೂ ಸಂಬಂಧವಿರಲಿಲ್ಲ.

ಅವ್ವನಿಗೆ ಇದೆಲ್ಲ ಬಗೆಹರಿಯುವುದು ಒಂದೇ ಕಡೆ. ಮೊನ್ನೆ ಮಂಗಳವಾರ ಬೂಕನಕೆರೆ ಹತ್ತಿರದ ನಮ್ಮ ಮನೆದೇವರ ಗುಡಿಗೆ ಮೂವರೂ ಹೋಗಿದ್ದೆವು, ಅಮ್ಮನಲ್ಲಿ ಹೂ ಕೇಳಲು. ನೀನೂ ಮದುವೆಗೆ ಮುಂಚೆ ಅಲ್ಲಿ ನಿಂತು ಕಾದವಳೇ. ವಿಗ್ರಹದ ಎರಡು ಭುಜಕ್ಕೂ ಒದ್ದೆ ಎಸಳು ಅಂಟಿಸಿ ಒಂದು ಮಾತು ಕೇಳುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಪೂಜಾರಿ ಕುಳ್ಳಯ್ಯನಿಗೆ ಈಗ ಕಿವಿ ಮಂದ. "ಏನಂತ ಕೇಳ್ಳವ್ವಾ ಸರಸಮ್ಮ?" ಎಂದ. "ಎರಡು ಇಸ್ಕೂಲವೆ ಕಣಪ್ಪಾ, ಯಾವುದ್ಕೆ ಆಕ್ಬೇಕು ಅಂತ" ಎಂದಳು ಅವ್ವ. "ಎರಡ ಕೇಳಕ್ಕಾಗಕಿಲ್ಲ, ಒಂದ ಕೇಳು" ಎಂದ ಅವನು. ಅವ್ವ ನನ್ನ ಕಡೆ ತಿರುಗಿದಳು. "ಲೇ ಸಿದ್ದೇಸ, ಊರ್ನೋರ್ಗೆಲ್ಲ ಪತ್ರ ಬರ್ಕೊಡೋನು ನೀನು. ಎರಡ್ನೂ ಸೇರುಸ್ಬುಟ್ಟು ಒಂದ್ಮಾತಾಗಿ ಕೇಳು." ನಾನು ಯೋಚಿಸುವ ಹಾಗೆ ಒಂದು ಕ್ಷಣ ನಿಂತು, ಬಲಕ್ಕೆ ಪಾಂಡವಪುರ, ಎಡಕ್ಕೆ ಶ್ರೀರಂಗಪಟ್ಟಣ ಎಂದೆ.

ಇಲ್ಲಿ ನಿನಗೆ ಒಂದು ವಿಷಯ ಹೇಳಬೇಕು. ಈ ವರ್ಷ ಯಾರೋ ಭಕ್ತರು ಗರ್ಭಗುಡಿಯ ಬಾಗಿಲ ಪಕ್ಕಕ್ಕೆ ಒಂದು ಫ್ಯಾನು ಕೊಡಿಸಿದ್ದಾರೆ. ಅದರ ಗಾಳಿ ಹೋಗಿ ತಗಲುವುದು ಅಮ್ಮನ ಬಲಭುಜಕ್ಕೆ. ನಮಗಿಂತ ಮುಂಚೆ ಬಂದಿದ್ದ ಮೂರು ಮನೆಯವರಿಗೂ ಅಮ್ಮ ಬಲಗಡೆಯೇ ಕೊಟ್ಟಿದ್ದಳು. ಒಬ್ಬರಿಗೆ ಬೋರ್‌ವೆಲ್ಲು, ಇಬ್ಬರಿಗೆ ಮದುವೆ. ನಾನು ಕಂಬಕ್ಕೆ ಒರಗಿ ಅದನ್ನು ನೋಡುತ್ತಲೇ ನಿಂತಿದ್ದೆ. ಇಂಥದ್ದರಲ್ಲಿ ನನಗೆ ನಂಬಿಕೆ ಇಲ್ಲ ಎಂದು ನಾನು ಎಷ್ಟೋ ಸಲ ಹೇಳಿರುವುದನ್ನು ನೀನು ಬಲ್ಲೆ. ನಂಬಿಕೆ ಇಲ್ಲದವನಿಗೆ ಗಾಳಿಯ ದಿಕ್ಕು ಯಾಕೆ ಬೇಕಿತ್ತು ಎಂಬುದಕ್ಕೆ ಉತ್ತರ ಹುಡುಕಲು ನಾನು ಹೋಗಿಲ್ಲ.

ಬಿದ್ದದ್ದು ಎಡಗಡೆಯದು. ಫ್ಯಾನು ತಿರುಗುತ್ತಲೇ ಇತ್ತು, ಬಲಗಡೆಯ ಎಸಳು ಅಂಟಿದ್ದಲ್ಲೇ ಇತ್ತು, ಎಡಗಡೆಯದು ಜಾರಿ ಅಮ್ಮನ ಪಾದದ ಹತ್ತಿರ ಕೂತಿತು. ಕುಳ್ಳಯ್ಯ ಅದನ್ನೆತ್ತಿ ಸ್ನೇಹಳ ಕೈಗೆ ಕೊಟ್ಟು, "ಸಿರಂಗಪಟ್ನ ಆಯ್ತು ಕಣವ್ವಾ, ಓಗು" ಎಂದ. ಅವ್ವ ಅಲ್ಲೇ ತಡೆದಳು. "ಅದೆಂಗಾದಾತು? ಎಡಕ್ಕೆ ಬಿತ್ತು ಅಂದ್ರೆ ಬ್ಯಾಡ ಅಂತ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ." ಕುಳ್ಳಯ್ಯ ಬಿಡಲಿಲ್ಲ. "ಎಡಕ್ಕೆ ಸಿರಂಗಪಟ್ನ ಅಂತ ಇಟ್ಟೋನು ನಿನ್ ಮಗ. ಇಟ್ಟಿದ್ದ ಅಮ್ಮ ಕೊಟ್ಳು." ಅವ್ವನೂ ಬಿಡಲಿಲ್ಲ. "ಅಂಗಾರೆ ಬ್ಯಾಡ ಅಂದಿದ್ದು ಯಾವ್ದ, ಅದ ಹೇಳು ಮತ್ತೆ." "ಅದ ನನ್ನ ಕೇಳ್ಬ್ಯಾಡ, ಪತ್ರ ಬರಿಯೋನ ಕೇಳು." ಇನ್ನೊಂದು ಸಲ ಅಂಟಿಸು ಎಂದಳು ಅವ್ವ. ಒಂದೇ ದಿನ ಎರಡು ಸಲ ಕೇಳಿದರೆ ಅಮ್ಮ ಮುನಿಸಿಕೊಳ್ಳುತ್ತಾಳೆ ಎಂದು ಅವನು ಮಂಗಳಾರತಿ ತಟ್ಟೆಗೆ ಕೈ ಹಾಕಿದ. ಹಿಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ಅವ್ವನ ಕಡೆ, ಅರ್ಧ ಜನ ಪೂಜಾರಿಯ ಕಡೆ ಆದರು. ಒಬ್ಬ ಹೆಂಗಸು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓದ್ದೋರು ದೇವರ್ನೂವೆ ಸಿಕ್ಕಾಕಿಸ್ಬುಡ್ತಾರೆ" ಎಂದಳು. ಸ್ನೇಹ ಪ್ರಸಾದದ ಕಡಲೆ ತಿನ್ನುತ್ತ, "ಮಾವ, ನಾನು ಪಾಸಾ ಫೇಲಾ?" ಎಂದು ಕೇಳಿದಳು.

ಇಪ್ಪತ್ತೆರಡು ವರ್ಷದಿಂದ ಆಸ್ತಿ ಪತ್ರ ಬರೆಯುತ್ತಿದ್ದೇನೆ. ನಾನು ಬರೆದ ಒಂದು ಪತ್ರವೂ ಕೋರ್ಟಿಗೆ ಹೋಗಿಲ್ಲ. ಒಂದು ಸಾಲಿನಲ್ಲಿ ಒಂದೇ ಸ್ವತ್ತು ಎಂಬುದು ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಆ ಗುಡಿಯಲ್ಲಿ ಮಾತ್ರ ಎರಡನ್ನು ಸೇರಿಸಿದೆ. ಬರುವಾಗ ಬಸ್ಸಿನಲ್ಲಿ ಅವ್ವ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಊರು ಹತ್ತಿರ ಬಂದ ಮೇಲೆ, "ನಿಂಗೆ ಕೂಸು ಇಲ್ಲೇ ಇರ್ಬೇಕು ಅಂತ ಇದ್ರೆ ಅದ್ನೇ ಕೇಳ್ಬೇಕಾಗಿತ್ತು ಕಣ್ಲಾ. ಇಸ್ಕೂಲ್ನ ಯಾಕೆ ಕೇಳ್ದೆ?" ಎಂದಳು. ನಾನು ಸ್ನೇಹಳಿಗೆ ಕಿಟಕಿಯ ಹೊರಗೆ ಕೈ ತೋರಿಸಿದೆ. ನಾಲೆಯಲ್ಲಿ ನೀರು ಬಿಟ್ಟಿದ್ದರು.

ಹಾಗಾಗಿ ಅವ್ವನ ಲೆಕ್ಕದಲ್ಲಿ ದೇವರು ಏನೂ ಹೇಳಿಲ್ಲ, ಪೂಜಾರಿಯ ಲೆಕ್ಕದಲ್ಲಿ ಹೇಳಿಯಾಗಿದೆ. ಎರಡು ಅರ್ಜಿಗಳನ್ನೂ ತುಂಬಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹೆಸರಿನ ಕೆಳಗೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದೆ, ಸಹಿ ಅಲ್ಲಿ ಬೀಳಬೇಕು. ಯಾವುದಾದರೂ ಒಂದಕ್ಕೆ ಹಾಕಿ, ಇನ್ನೊಂದನ್ನು ಹರಿದುಬಿಡು. ರಂಜಿತಳ ಜೊತೆ ಡ್ಯೂಟಿ ಮಾಡುವ ಇನ್ನೊಬ್ಬರು ಇಪ್ಪತ್ತನಾಲ್ಕಕ್ಕೆ ಈ ಕಡೆ ಬರುತ್ತಾರಂತೆ, ಅವರ ಕೈಲಿ ಕಳಿಸಿದರೆ ಸರಿಹೋಗುತ್ತದೆ. ನನ್ನ ಅಭಿಪ್ರಾಯ ಯಾವುದು ಎಂದು ನೀನು ಕೇಳಬಹುದು. ಮೇಲೆ ಬರೆದದ್ದನ್ನು ನಾನು ಮತ್ತೆ ಓದಿ ನೋಡಿದೆ. ಒಂದು ಶಾಲೆಯ ಬಗ್ಗೆ ಬರೆಯುವಾಗ ಖೋಖೋ ಕಂಡಿದ್ದೇನೆ, ಇನ್ನೊಂದರ ಬಗ್ಗೆ ಬರೆಯುವಾಗ ಅರ್ಜಿಯ ಗಡುವು. ಅದಕ್ಕೆ ತಕ್ಕಷ್ಟು ಕಳೆದು ಓದಿಕೋ.

ಅವ್ವ ನಿನಗೆ ಒಳ್ಳೆಯದಾಗಲಿ ಎಂದಿದ್ದಾಳೆ, ಬೆನ್ನಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ ಎಂದೂ. ಅವಳು ಮಾಡಿದ ಚಕ್ಲಿ ರಂಜಿತಳ ಚೀಲದಲ್ಲಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಣ್ಣ,
ಸಿದ್ದೇಶ

ಮೇಲೆ ಬಿಟ್ಟುಹೋದದ್ದು: ರಂಜಿತ ಬಂದು ನಿಂತಿದ್ದಾಳೆ, ನಾಗಮಂಗಲದ ಬಸ್ಸು ಹಿಡಿಯಬೇಕಂತೆ, ಬೇಗ ಬರೆಯುತ್ತೇನೆ. ಈ ಪತ್ರ ಮಡಿಸುವಾಗ ಸ್ನೇಹ ಬಂದು ಪಕ್ಕದಲ್ಲಿ ಕೂತಳು. "ಅಮ್ಮಂಗೆ ಬರಿ ಮಾವ, ನಂಗೆ ಯಾವ ಸ್ಕೂಲಾದ್ರೂ ಆಯ್ತದೆ. ಅಲ್ಲಿಗೆ ಓಗೋದು ಯಾವ ವರ್ಷ ಅಂತ ಒಂದ್ಸಲ ಹೇಳ್ಬುಡ್ಲಿ ಸಾಕು" ಎಂದಳು. ಅಳಲಿಲ್ಲ, ಊಟಕ್ಕೇನು ಎಂದು ಕೇಳುವ ಹಾಗೆ ಕೇಳಿದಳು. ನೀನು ಹೋಗಿ ನಾಲ್ಕು ವರ್ಷವಾಯಿತು. ಅವಳನ್ನು ಕರೆಸಿಕೊಳ್ಳಲು ಮೊದಲ ವರ್ಷ ಕೋಣೆ ಚಿಕ್ಕದಿತ್ತು, ಆಮೇಲೆ ಕಾಂಟ್ರಾಕ್ಟು ಮುಗಿಯುವುದರಲ್ಲಿತ್ತು, ಹೋದ ವರ್ಷ ವೀಸಾ. ಒಂದೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನೀನು ಕರೆಸಿಕೊಳ್ಳುವವಳೇ ಆದರೆ ಶ್ರೀರಂಗಪಟ್ಟಣಕ್ಕೆ ಸಹಿ ಹಾಕು, ಬೆಳಿಗ್ಗೆ ವ್ಯಾನು ಹತ್ತಿಸುವುದು ನನ್ನ ಕೆಲಸ, ಒಂದು ದಿನವೂ ತಪ್ಪುವುದಿಲ್ಲ. ಅಲ್ಲಿಯ ಬದುಕು ಬೇರೆಯಾಗಿದ್ದರೆ, ಅಲ್ಲಿ ಅವಳಿಗೆ ಜಾಗವಿಲ್ಲದಿದ್ದರೆ, ಅದನ್ನು ಬರೆದರೂ ನಾನು ನಿನ್ನನ್ನು ಬೈಯುವುದಿಲ್ಲ, ಅವ್ವನಿಗೂ ಹೇಳುವುದಿಲ್ಲ. ಆದರೆ ಹೋಗುವುದೇ ಇಲ್ಲದ ಊರಿಗೆಂದು ಆ ಮಗುವನ್ನು ಎರಡು ವರ್ಷ ತಯಾರು ಮಾಡುವುದು ನನ್ನ ಕೈಲಾಗದು. ಅಂಬಿ, ಶಾಲೆಯ ಮಾತು ಪಕ್ಕಕ್ಕಿರಲಿ, ಅವಳನ್ನು ನಿನ್ನ ಹತ್ತಿರ ಕರೆಸಿಕೊಳ್ಳುವ ಮನಸ್ಸು ನಿನಗೆ ಇದೆಯೇ?