ಕಿರೀಟ ಇಳಿಸಲು ಅನುಮತಿ ಕೋರಿ

ಪ್ರಾಥಮಿಕ ಶಾಲೆಗಳಲ್ಲಿ ಹಾಡು, ಕುಣಿತ, ಬಣ್ಣ ಎಲ್ಲವನ್ನೂ ಒಂದೇ ಆದೇಶದಿಂದ ನಿಲ್ಲಿಸಿದ ಮಾನ್ಯ ವಿದ್ಯಾಧಿಕಾರಿಗಳೇ,

ನಡುವೆಯೇ ನಿಂತುಹೋದ ಒಂದು ನಾಟಕವನ್ನು ನೀವು ನಿಂತಲ್ಲೇ ಮೊಳೆ ಹೊಡೆದು ನಿಲ್ಲಿಸಿಬಿಟ್ಟಿದ್ದೀರಿ. ಅದರೊಳಗೆ ಒಬ್ಬ ಹುಡುಗ ಸಿಕ್ಕಿಕೊಂಡಿದ್ದಾನೆ. ಅವನನ್ನು ಹೊರಗೆ ತರಲು ನಿಮ್ಮ ಅನುಮತಿ ಬೇಕಾಗಿದೆ. ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಸಗುಪ್ಪಿ ದಾಟಿ ಗಾಡಿದಾರಿ ಹಿಡಿದರೆ ಸಿಗುತ್ತದೆ. ಹೆಸರು ನಿಮ್ಮ ಆದೇಶದಲ್ಲೇ ಇದೆ.

ಗಣರಾಜ್ಯ ದಿನದ ಮಧ್ಯಾಹ್ನ ಅಲ್ಲಿ ‘ನಾಟಕದ ನಿಮಿತ್ತ ಅಹಿತಕರ ಘಟನೆ’ ನಡೆಯಿತೆಂದು ನೀವು ಬರೆದಿದ್ದೀರಿ. ನಾಟಕವು ಎಳೆಯರಲ್ಲಿ ಹಿಂಸೆಯನ್ನು ಬೆಳೆಸುತ್ತದೆ, ಆದ್ದರಿಂದ ಇನ್ನು ಕವಾಯತು ಸಾಕು ಎಂದೂ ಬರೆದಿದ್ದೀರಿ. ನಾಟಕ ಕಲಿಸಿದ ಶಿದ್ರಾಮ ಮಾಸ್ತರರನ್ನು ಹುಕ್ಕೇರಿ ತಾಲೂಕಿನ ದಡ್ಡಿಗೆ ವರ್ಗ ಮಾಡಿದ್ದೀರಿ. ನಾನು ಗೋಕಾಕದಲ್ಲಿ ಚಿತ್ರಕಲೆ ಕಲಿಸುವವನು. ಆ ನಾಟಕಕ್ಕೆ ಪರದೆ ಬರೆದುಕೊಟ್ಟು, ಅಂದು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ರಂಗದ ಮೇಲೆ ಒಂದು ರಟ್ಟಿನ ಕತ್ತಿಯೂ ಇರಲಿಲ್ಲ. ಬಡಿಗೆಗಳೆಲ್ಲ ರಂಗದ ಕೆಳಗೆ, ನೋಡಲು ಬಂದವರ ಕೈಯಲ್ಲಿದ್ದವು. ಹಾಗಾದರೆ ಕವಾಯತು ಯಾರಿಗೆ ಕಲಿಸಬೇಕಾಗಿತ್ತು?

ಶಿದ್ರಾಮ ಮಾಸ್ತರರು ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಪಾಯಪೆಟ್ಟಿಗೆ ನುಡಿಸುತ್ತಿದ್ದರು. ಕಾಲಿನಿಂದ ಗಾಳಿ ತುಂಬುವ ಆ ಪೆಟ್ಟಿಗೆಯನ್ನೇ ಶಾಲೆಗೆ ತಂದಿಟ್ಟುಕೊಂಡರು. ಮಕ್ಕಳಿಗೆ ಅವರು ಕಲಿಸಿದ್ದು ಹಾಡು ಮಾತ್ರವಲ್ಲ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಇನ್ನೊಬ್ಬನ ಮಾತು ಮುಗಿಯುವವರೆಗೆ ಹೇಗೆ ಕಾಯಬೇಕು ಎಂಬುದನ್ನು ಕಲಿಸಿದರು. ಈ ಕೊನೆಯದನ್ನು ಬೇರೆ ಯಾವ ಪಾಠದಲ್ಲಿ ಕಲಿಸುತ್ತೀರಿ? ಜೊತೆಗೆ ಕಂಪನಿಯ ಒಂದು ಕಟ್ಟಳೆಯನ್ನೂ ಕಲಿಸಿದರು. ಬಣ್ಣ ಹಚ್ಚಿ ಕಿರೀಟ ಇಟ್ಟ ಮೇಲೆ ಹುಡುಗನಿಗೆ ಸ್ವಂತ ಹೆಸರಿಲ್ಲ; ಯಾರು ಕರೆದರೂ ಓಗೊಡಬಾರದು. ಕೊನೆಯ ಮಂಗಳ ಹಾಡಿ ಮಾಸ್ತರರು ಕೈಯಾರೆ ಕಿರೀಟ ಇಳಿಸಿದ ಮೇಲೆಯೇ ಹೆಸರು ತಿರುಗಿ ಬರುತ್ತದೆ.

ತಾಲೀಮಿನಲ್ಲಿ ಇದು ನಗೆಯ ಸಂಗತಿಯಾಗಿತ್ತು. ಮಂತ್ರಿಯ ಪಾತ್ರದ ಹುಡುಗ ಒಮ್ಮೆ ಮರೆತು ರಾಜನ ಪಾತ್ರದವನನ್ನು “ಏ ಉದ್ದ್ಯಾ” ಎಂದು ಕರೆದ.

“ಯಾರ್ಲೇ ಅಂವಾ? ಇಲ್ಲಿ ಉದ್ದಪ್ಪ ಅನ್ನಾಂವ ಯಾರೂ ಇಲ್ಲ,” ಎಂದರು ಮಾಸ್ತರರು. “ರಾಜರಿಗೆ ಬರ್ರಿ ಅನ್ನು.”

“ಬರ್ರಿ ರಾಜಾರ. ನಿಮ್ಮ ಚೊಣ್ಣದ ಲಾಡಿ ಬಿಚ್ಚೇತ್ರಿ.”

ರಾಜ ಮುಖ ಸಡಿಲಿಸಲಿಲ್ಲ. ಒಂದು ಕೈಯಿಂದ ಚೊಣ್ಣ ಹಿಡಿದುಕೊಂಡು ಹಾಡನ್ನು ಮುಗಿಸಿದ.

ಈ ಉದ್ದಪ್ಪ ನಾಲ್ಕನೆಯ ಇಯತ್ತೆಯವನು. ಸರಕಾರ ಹರಿಜನ ಎಂದು ಕರೆಯುವ ಕೇರಿಯವನು. ತಾಯಿಯಿಲ್ಲ. ಅಜ್ಜಿ ಸೀತವ್ವ ಸಾಕಿದ್ದಾಳೆ.

ಕಾವಲುಗಾರರನ್ನು ಮನೆಗೆ ಕಳಿಸಿ ತಾನೇ ಊರ ಬಾಗಿಲು ಕಾಯುವ ಒಬ್ಬ ರಾಜನದು ನಾಟಕದ ಕಥೆ. ‘ಮಲಗಿರಿ ಮಕ್ಕಳೆ, ಬಾಗಿಲಲಿ ನಾನಿರುವೆ’ ಎಂದು ಹುಡುಗ ಹಾಡಿದಾಗ ಊರು ಉಸಿರಾಡಲಿಲ್ಲ. ಹಿರಿಯ ವರ್ತಕ ಲಕ್ಕಪ್ಪನವರು ನಾಟಕವೆಂದರೆ ಜೀವ ಬಿಡುವವರು. “ವನ್ಸ್ ಮೋರ್” ಎಂದು ಕೂಗಿದರು. ಎಲ್ಲರೂ ಕೂಗಿದೆವು. ಹುಡುಗ ಮತ್ತೆ ಹಾಡಿದ. ಲಕ್ಕಪ್ಪನವರು ಕಣ್ಣೊರೆಸಿಕೊಳ್ಳುತ್ತ ರಂಗಕ್ಕೆ ಬಂದು, ತಮ್ಮ ತಲೆಯ ರುಮಾಲು ಬಿಚ್ಚಿ ರಾಜನ ಹೆಗಲಿಗೆ ಹೊದಿಸಿ, ಬಾಗಿ ಪಾದ ಮುಟ್ಟಿದರು. ಕಿರೀಟಕ್ಕೆ ಬಾಗುವುದು ಈ ಸೀಮೆಯ ಹಳೆಯ ರೂಢಿ. ಬಣ್ಣದ ಕೆಳಗೆ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. ಪ್ರೀತಿ ಹೆಚ್ಚಾಗಿ ಅವರು ಕೇಳಿಬಿಟ್ಟರು.

“ಯಾರ ಮಗಾರೀ ಮಾಸ್ತರ ಇಂವಾ? ಯಾ ತಾಯಿ ಹಡದಾಳ ಇಂಥಾ ಕೂಸನ್ನ?”

ಶಾಲೆಯ ಅಂಗಳದ ಗೋಡೆಯಾಚೆ ಕೇರಿಯವರೊಂದಿಗೆ ನಿಂತಿದ್ದ ಸೀತವ್ವನಿಗೆ ಜೀವಮಾನದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. “ನಮ್ಮ ಉದ್ದಪ್ಪರೀ ಯಪ್ಪಾ! ನನ್ನ ಮಗಳ ಮಗಾ!” ಎಂದಳು.

ಮೊದಲ ಏಟು ಹುಡುಗನಿಗಲ್ಲ, ಕಿರೀಟಕ್ಕೆ. ಲಕ್ಕಪ್ಪನವರು ತಾವು ಬಾಗಿದ್ದನ್ನೇ ಹೊಡೆದರು. ಕಿರೀಟದ ತಂತಿ ಹಣೆಯ ಚರ್ಮ ಹರಿದು ಒಳಗಿಳಿಯಿತು. ಬಣ್ಣದ ಮೇಲೆ ಹರಿದ ರಕ್ತ ಕೂಡ ಬಣ್ಣದಂತೆಯೇ ಕಂಡಿತು. ಆಮೇಲೆ ಕೆಳಗೆ ಕುಳಿತಿದ್ದವರು ರಂಗ ಏರಿದರು. ಬೆಂಚುಗಳು ಮುರಿದವು. ಪಾಯಪೆಟ್ಟಿಗೆಯ ಹೊಟ್ಟೆಗೆ ಬಡಿಗೆ ಹೊಕ್ಕಾಗ ಅದು ದೀರ್ಘವಾಗಿ ಒಂದು ಉಸಿರು ಬಿಟ್ಟಿತು. ಮಂತ್ರಿ, ಸೇನಾಪತಿ, ಪ್ರಜೆಗಳು ಎಲ್ಲ ಓಡಿದರು. “ಉದ್ದಪ್ಪಾ! ಓಡೋ ನನ್ನಪ್ಪಾ! ಉದ್ದಪ್ಪಾ!” ಎಂದು ಅಜ್ಜಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅವನು ಓಡಲಿಲ್ಲ. ಆ ಹೆಸರಿನವನು ಅಲ್ಲಿರಲಿಲ್ಲ. ಬಾಗಿಲಲಿ ನಾನಿರುವೆ ಎಂದು ಹಾಡುತ್ತಲೇ ನಿಂತಿದ್ದ. ಮುಂಗೈ ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು. ಹಾಡು ನಿಂತದ್ದು ಆಮೇಲೆ. ಮಾಸ್ತರರು ಅವನ ಮೇಲೆ ಕವುಚಿ ಬಿದ್ದು ಉಳಿದ ಏಟುಗಳನ್ನು ಬೆನ್ನಿಗೆ ತೆಗೆದುಕೊಂಡರು. ಲಕ್ಕಪ್ಪನವರು ಹೊದಿಸಿದ ರುಮಾಲಿನಲ್ಲೇ ಆ ಕೈಯನ್ನು ಕಟ್ಟಿ ಸೀತವ್ವ ಗೋಕಾಕದ ದವಾಖಾನೆಗೆ ತಂದಳು. ರುಮಾಲು ಈಗಲೂ ಅವಳ ಗುಡಿಸಲಿನಲ್ಲಿದೆ. ಅವರು ತಿರುಗಿ ಕೇಳುವಂತಿಲ್ಲ, ಇವಳು ಉಡುವಂತಿಲ್ಲ.

ಹಾಡು ಕೆಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲ, ಮಾನ್ಯರೇ. ಹುಡುಗ ಬೇಸುರಾಗಿ ಹಾಡಿದ್ದರೆ ಜನ ಆಕಳಿಸಿ ಎದ್ದುಹೋಗುತ್ತಿದ್ದರು. ಒಂದು ಹಾಡಿನಷ್ಟು ಹೊತ್ತು ಊರು ತನ್ನನ್ನು ಮರೆತಿತ್ತು. ನೆನಪಾದಾಗ, ಮರೆಸಿದವನ ಕೈ ಮುರಿಯಿತು. ನೀವು ಮರೆಸುವ ವಿದ್ಯೆಯನ್ನು ಅಪರಾಧವೆಂದು ಕಂಡಿರಿ. ನೆನಪಿನ ಬಗ್ಗೆ ಆದೇಶದಲ್ಲಿ ಒಂದಕ್ಷರವಿಲ್ಲ. ಮಕ್ಕಳ ಮನಸ್ಸನ್ನು ಹಿಂಸೆಯಿಂದ ಕಾಪಾಡಬೇಕೆಂಬ ನಿಮ್ಮ ಶಾಲೆಯಲ್ಲಿ ಮಾಸ್ತರರ ಮೇಜಿನ ಮೇಲಿನ ಛಡಿ ಮಾತ್ರ ಇದ್ದಲ್ಲೇ ಇದೆ. ಅದಕ್ಕೆ ಬಣ್ಣವಿಲ್ಲ, ಹಾಡಿಲ್ಲ. ಬಹುಶಃ ಅದಕ್ಕೇ ನಿಷೇಧವಿಲ್ಲ.

ಆ ಛಡಿಗೆ ಈಗ ಕೆಲಸ ಸಿಕ್ಕಿದೆ. ಹೊಸ ಮಾಸ್ತರರು ಹಾಜರಿ ಕರೆಯುವಾಗ ಉದ್ದಪ್ಪ ‘ಹಾಜರ’ ಎನ್ನುವುದಿಲ್ಲ. ಹೊಡೆದರೂ ಎನ್ನುವುದಿಲ್ಲ. ಎದುರಿಗೇ ಕುಳಿತ ಹುಡುಗನನ್ನು ಗೈರುಹಾಜರ ಎಂದು ಬರೆಯುತ್ತಾರೆ. ಹೀಗೇ ನಡೆದರೆ ಯುಗಾದಿಯೊಳಗೆ ಅವನ ಹೆಸರು ಶಾಲೆಯಿಂದ ಹೋಗುತ್ತದೆ. ಅವನು ಲಕ್ಕಪ್ಪನವರ ದನಗಳ ಹಿಂದೆ ಹೋಗುತ್ತಾನೆ.

ಹೋದ ವಾರ ಹೋಗಿ ನೋಡಿದೆ. ಸೀತವ್ವ ಒಲೆಯ ಮುಂದಿದ್ದಳು.

“ಉಣ್ತಾನ್ರಿ, ಮಕ್ಕೋತಾನ್ರಿ. ಹೆಸರ ಹಿಡದ್ರ ಗ್ವಾಡಿ ಹಂಗ ಕುಂದರ್ತಾನ್ರಿ. ಮಂದಿ ದೆವ್ವ ಹೊಕ್ಕೇತಿ ಅಂತಾರ. ದೆವ್ವ ಅಲ್ರಿ, ರಾಜಾ ಹೊಕ್ಕಾನ. ದೆವ್ವಾದ್ರ ಕೋಳಿ ಕೊಟ್ಟ ಕಳಸತಿದ್ದೆ. ರಾಜಾಗ ಏನ ಕೊಡ್ಲಿ?”

ಹುಡುಗನ ಹಣೆಯ ಗಾಯ ಮಾಯ್ದಿತ್ತು. ಕೈ ಸೊಟ್ಟಾಗಿ ಕೂಡಿತ್ತು. ಯಾಕೆ ಓಗೊಡುವುದಿಲ್ಲವೆಂದು ಕೇಳಿದೆ.

“ಮಂಗಳಾ ಹಾಡಿಲ್ರಿ. ಮಾಸ್ತರ ಕಿರೀಟ ಇಳಿಸಿಲ್ಲ.”

“ಕಿರೀಟ ಚೂರಚೂರಾಗಿ ಬಿತ್ತಲ್ಲೋ ಯಪ್ಪಾ,” ಎಂದಳು ಅಜ್ಜಿ.

“ಬಿದ್ದದ್ದ ಬ್ಯಾರೆ. ಇಳಿಸೂದ ಬ್ಯಾರೆ.”

ನನ್ನ ಬೇಡಿಕೆ ಇಷ್ಟೇ. ಶಿದ್ರಾಮ ಮಾಸ್ತರರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ದಡ್ಡಿಯಿಂದ ಕರೆಸಿರಿ. ಆ ಶಾಲೆಯ ಅಂಗಳದಲ್ಲೇ, ನಿಂತ ಸಾಲಿನಿಂದಲೇ ನಾಟಕ ಮುಂದುವರಿಯಲಿ. ಲಕ್ಕಪ್ಪನವರಿಗೂ ಕರೆ ಹೋಗಲಿ. ಕೇರಿಯವರು ಗೋಡೆಯ ಈಚೆ ಕೂರಲಿ. ಪೆಟ್ಟಿಗೆಯಿಲ್ಲದಿದ್ದರೂ ಮಂಗಳ ಹಾಡಬಹುದು. ಚೂರಾದ ಕಿರೀಟದ ಬದಲು ಇನ್ನೊಂದನ್ನು ನಾನು ಮಾಡಿಕೊಡುತ್ತೇನೆ. ನೀವೂ ಬನ್ನಿ, ಹಾಜರಿ ಪುಸ್ತಕ ತನ್ನಿ. ಕಿರೀಟ ಇರುವಷ್ಟು ಹೊತ್ತು ರಾಜರಿಗೆ ಬರ್ರಿ ಅನ್ನಿ. ಮಾಸ್ತರರು ಅದನ್ನು ಇಳಿಸಿದ ಮೇಲೆ ನೀವೇ ಎದ್ದುನಿಂತು, ಎಲ್ಲರಿಗೂ ಕೇಳುವಂತೆ ಆ ಹುಡುಗನ ಹೆಸರು ಕರೆಯಿರಿ. ಅವನು ‘ಹಾಜರ’ ಎಂದ ಮೇಲೆ ನಿಮ್ಮ ನಿಷೇಧವನ್ನು ಬೇಕಾದರೆ ಅಲ್ಲೇ ಓದಿ ಹೇಳಿರಿ.

ಇಂತಿ,
ನಾಟಕ ಮುಗಿಯುವ ಮೊದಲೇ ಎದ್ದುಹೋದ ಪ್ರೇಕ್ಷಕರಲ್ಲೊಬ್ಬ